ಗೀತಾಂಜಲಿಗೆ ಕಟ್ಟಿದ ಪದ

ಕಾನಹೊಸಹಳ್ಳಿಯ ಕೊಟ್ರಬಸಮ್ಮನ ಬಾಯಿ ಕಟ್ಟಿಹಾಕಿ ಬಂದವನು ಬೇರೆ ಯಾರೂ ಅಲ್ಲ, ಅವಳ ಗಂಡ ಗುರುಸಂಗಪ್ಪನೇ. ಮಗಳ ಮದುವೆಗೆ ಇನ್ನು ಇಪ್ಪತ್ತೆರಡು ದಿನವಿತ್ತು. ಇಟ್ಟಿಗಿಯಲ್ಲಿ ಬೀಗರ ಮನೆಯ ಮಾತುಕತೆ ಮುಗಿಸಿ, ಸಂಜೆಯ ಬಸ್ಸಿಗೆ ಬಂದಿಳಿದು, ಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿಕೊಂಡು ಪಡಸಾಲೆಯಲ್ಲಿ ಕೂತವನು ಹೆಂಡತಿ ಕೊಟ್ಟ ಚಹಾವನ್ನು ಅರ್ಧ ಕುಡಿದು ಲೋಟ ಕೆಳಗಿಟ್ಟ.

"ಎಲ್ಲಾ ಸುಸೂತ್ರ ಆತು. ಒಂದು ಮಾತು ಮಾತ್ರ ಕೊಟ್ಟು ಬಂದೀನಿ."

"ಏನು ಮಾತು?"

"ಮದುವ್ಯಾಗ ನೀ ಹಾಡಂಗಿಲ್ಲ."

ಕೊಟ್ರಬಸಮ್ಮ ನಕ್ಕುಬಿಟ್ಟಳು. "ಉಸಿರಾಡಂಗಿಲ್ಲ ಅಂದಿದ್ರ ಅದಕ್ಕೂ ಹೂಂ ಅಂದು ಬರ್ತಿದ್ರೇನು?"

"ನಗಬ್ಯಾಡ. ವಿಭೂತಿ ಗಟ್ಟಿ ಮುಟ್ಟಿ ಹೇಳೀನಿ. ಹುಡುಗನ ತಾಯಿ ಕೇಳಿದ್ದು ಅದೊಂದ. ಬಂಗಾರ ಬ್ಯಾಡ, ಭಾಂಡಿ ಬ್ಯಾಡ, ಮದುವಿ ದಿನ ನಿಮ್ಮ ಮನಿಯಾಕಿ ಪದಕ್ಕ ಬಾಯಿ ತೆರೀಬಾರದು ಅಂದ್ಲು. ನಾ ಏನು ಅನ್ನಲಿ? ಮಗಳ ಬಾಳೆ ದೊಡ್ಡದೋ, ನಿನ್ನ ಪದ ದೊಡ್ಡದೋ?"

ಕೊಟ್ರಬಸಮ್ಮ ಅರ್ಧ ಉಳಿದ ಲೋಟ ಎತ್ತಿಕೊಂಡಳು. ಗಂಡ ಮುಟ್ಟಿದ ವಿಭೂತಿ ತಾನು ಮುಟ್ಟಿದಂತೆಯೇ ಎಂದು ನಂಬಿದವಳು ಅವಳು.

ಆ ಸೀಮೆಯಲ್ಲಿ ಹೆಣ್ಣಿನ ಕಡೆಯವರು ಬೀಗರನ್ನು ಹಾಡಿನಲ್ಲಿ ಬೈಯದಿದ್ದರೆ ಮದುವೆಯ ಊಟ ಸಪ್ಪೆ. ಬೀಗರು ಪಂಕ್ತಿಯಲ್ಲಿ ಕೂತು ಉಣ್ಣುತ್ತಿರಬೇಕು, ಹೆಣ್ಣಿನ ಕಡೆಯ ಹೆಂಗಸರು ಸುತ್ತ ನಿಂತು ಅವರ ಮೂಗು, ಮೀಸೆ, ಹೊಟ್ಟೆ, ರುಮಾಲು ಒಂದನ್ನೂ ಬಿಡದೆ ಪದ ಕಟ್ಟಿ ಹಾಡಬೇಕು. ಬೈಸಿಕೊಂಡವರು ನಗುನಗುತ್ತ ಇನ್ನೆರಡು ತುತ್ತು ಹೆಚ್ಚಿಗೆ ಉಣ್ಣಬೇಕು. ಇದರಲ್ಲಿ ಕೊಟ್ರಬಸಮ್ಮನನ್ನು ಮೀರಿಸುವವರು ಕೂಡ್ಲಿಗಿಯಿಂದ ಹರಪನಹಳ್ಳಿಯವರೆಗೆ ಯಾರೂ ಇರಲಿಲ್ಲ. ಮೂರನೇ ತರಗತಿಗೆ ಶಾಲೆ ಬಿಟ್ಟವಳು. ಆದರೆ ನಿಂತ ನಿಲುವಿನಲ್ಲಿ, ಎದುರಿಗೆ ಕೂತವರನ್ನು ಒಮ್ಮೆ ಕಣ್ಣಾಡಿಸಿ, ನಾಲ್ಕು ಸಾಲು ಕಟ್ಟಿಬಿಡುವಳು. ಅದು ತನ್ನ ಜಾಣತನವಲ್ಲ, ಕೊಟ್ಟೂರಿನ ಗುಡಿಯಲ್ಲಿರುವ ಅಪ್ಪ ತನ್ನ ನಾಲಿಗೆಯ ಮೇಲೆ ಇಟ್ಟ ಪ್ರಸಾದ ಎಂದು ಅವಳು ತಿಳಿದಿದ್ದಳು.

ಎಂಟು ವರ್ಷದ ಹಿಂದೆ ಇದೇ ಊರಿನ ಹುಡುಗಿಯೊಬ್ಬಳನ್ನು ಇಟ್ಟಿಗಿಗೆ ಕೊಟ್ಟಿದ್ದರು. ಮದುಮಗನ ಅಣ್ಣ ಪಾಲಾಕ್ಷಪ್ಪ, ಆತನ ಹೆಂಡತಿ ಉಚ್ಚಂಗೆಮ್ಮ. ಆ ದಿನ ಪಂಕ್ತಿಯಲ್ಲಿ ಉಚ್ಚಂಗೆಮ್ಮ ಎಲೆಯ ಮೇಲಿನ ಎರಡು ಉಂಡಿಗಳನ್ನು ಸೆರಗಿನ ಮರೆಯಲ್ಲಿ ಮೆಲ್ಲಗೆ ಉಡಿಗೆ ಸೇರಿಸಿದ್ದು ಕೊಟ್ರಬಸಮ್ಮನ ಕಣ್ಣಿಗೆ ಬಿತ್ತು. ಬಿದ್ದದ್ದೇ ತಡ, ಪದವಾಯಿತು:

ಇಟ್ಟಿಗಿ ಬೀಗತಿ ಉಚ್ಚಂಗೆಮ್ಮ
ಉಂಡದ್ದು ಸಾಲದ ಉಡಿ ಕಟ್ಯಾಳ
ಉಡಿ ಯಾಕ ಉಬ್ಬೈತಿ ಕೇಳ್ರೆವ್ವ
ಹೋಳಿಗಿ ಹೊಟ್ಯಾಗ, ಉಂಡಿ ಉಡ್ಯಾಗ!

ಪಂಕ್ತಿಗೆ ಪಂಕ್ತಿಯೇ ಬಿದ್ದು ಬಿದ್ದು ನಕ್ಕಿತು. ಮೈಕ್ ಸೆಟ್ಟಿನ ಹಸನ್ ಸಾಬ್ ಹೆಂಗಸರ ಹಾಡೆಂದರೆ ಜೀವ ಬಿಡುವವನು. ಮೈಕನ್ನು ಅವರ ತಲೆಯ ಮೇಲೆ ತೂಗುಹಾಕಿ ಕ್ಯಾಸೆಟ್ಟಿನಲ್ಲಿ ತುಂಬಿಕೊಂಡಿದ್ದ. ಮುಂದಿನ ಮದುವೆಯಲ್ಲಿ ಅದನ್ನು ಹಾಕಿದ. ಕೇಳಿದವರು ನಮಗೂ ಒಂದು ಮಾಡಿಕೊಡು ಎಂದರು. ಒಂದು ಹತ್ತಾಯಿತು. ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಎಲ್ಲ ಕಡೆ ಮದುವೆಯ ಚಪ್ಪರದಲ್ಲಿ ಉಚ್ಚಂಗೆಮ್ಮನ ಉಡಿ ಉಬ್ಬಿತು. 'ಕ್ಯಾಸೆಟ್ ಕೊಟ್ರಬಸಮ್ಮ' ಎಂದು ಇವಳಿಗೆ ಹೆಸರೂ ಬಿತ್ತು. ಆ ಹೆಸರಿಗೆ ಇವಳು ಎಂಟು ವರ್ಷ ಒಳಗೊಳಗೇ ಹಿಗ್ಗಿದ್ದಳು. ಸುಳ್ಳು ಯಾಕೆ ಹೇಳಬೇಕು?

ಅದೇ ಉಚ್ಚಂಗೆಮ್ಮನ ಮಗ ಅರುಣಕುಮಾರ್. ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವ ಅಂಗಡಿ ಇಟ್ಟವನು, ನೆಂಟರ ಮನೆಯಲ್ಲಿ ಇವಳ ಮಗಳು ಗೀತಾಂಜಲಿಯನ್ನು ನೋಡಿ, ಮದುವೆಯಾದರೆ ಅವಳನ್ನೇ ಆಗುತ್ತೇನೆ ಎಂದು ಹಟ ಹಿಡಿದಿದ್ದ. ತಾಯಿ ಮಗನ ಹಟಕ್ಕೆ ಸೋತಳು, ಸೋಲುವಾಗ ಒಂದು ಮಾತು ಕೇಳಿದಳು. ಅಷ್ಟೇ ನಡೆದದ್ದು.

ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಗೀತಾಂಜಲಿ, ಅಪ್ಪ ಅಂಗಡಿಯ ಕಡೆಗೆ ಹೋದ ಮೇಲೆ ತಾಯಿಯ ಹತ್ತಿರ ಬಂದು ಕೂತಳು.

"ಹಂಗಾದ್ರ ನನಗ ಪದ ಇಲ್ಲೇನವ್ವಾ? ಊರ ಹುಡುಗ್ಯಾರಿಗೆಲ್ಲ ಹಾಡಿ ಕಳಿಸಿದಿ. ನಿನ್ನ ಹೊಟ್ಯಾಗ ಹುಟ್ಟಿದಾಕಿ ಮೂಕರ ಮಗಳಂಗ ಹೋಗಬೇಕೇನು?"

"ಹಾಡಂಗಿಲ್ಲ ಅಂದಾರ. ಬರಿಯಂಗಿಲ್ಲ ಅಂದಿಲ್ಲಲ್ಲ," ಎಂದಳು ಕೊಟ್ರಬಸಮ್ಮ. "ಬರದು ಕೊಡ್ತೀನಿ ತಗಾ. ನಿನಗಂತ ಒಂದು. ಮದುವಿ ದಿನ ಕೊಡ್ತೀನಿ."

"ನನ್ನ ಹೆಸರಿರಬೇಕು ಮತ್ತ!"

"ನಿಮ್ಮಪ್ಪ ರೇಡಿಯೋ ಕೇಳಿ ಇಟ್ಟ ಹೆಸರು. ಪದಕ್ಕ ಕುಂದ್ರಂಗಿಲ್ಲ ಅದು. ಮಂಡಿ ಮಡಚಿ ಕುಂದ್ರಿಸಬೇಕು."

ಮಗಳು ನಕ್ಕಳು. ಮೂಲೆಯಲ್ಲಿದ್ದ ತನ್ನ ಹಳೆಯ ನೋಟುಬುಕ್ಕನ್ನೂ ಒಂದು ಮೋಟು ಪೆನ್ಸಿಲನ್ನೂ ತಂದು ತಾಯಿಯ ಮುಂದೆ ಇಟ್ಟಳು.

*

ಮನೆ ನೋಡುವ ಶಾಸ್ತ್ರಕ್ಕೆ ಹೆಣ್ಣಿನ ಕಡೆಯ ಹೆಂಗಸರು ಇಟ್ಟಿಗಿಗೆ ಹೋದರು. ಗುರುಸಂಗಪ್ಪನ ಅಕ್ಕ ಮರುಳಸಿದ್ದಮ್ಮ ಮುಂದೆ, ಕೊಟ್ರಬಸಮ್ಮ ಹಿಂದೆ. ಪಾಲಾಕ್ಷಪ್ಪ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಮೆಲ್ಲುತ್ತ, ಬರ್ರಿ ಬರ್ರಿ ಎಂದ. ಅಡುಗೆಮನೆ, ದೇವರ ಮನೆ, ಕಣಜ, ದನದ ಕೊಟ್ಟಿಗೆ ಎಲ್ಲ ತೋರಿಸಿದರು. ಮರುಳಸಿದ್ದಮ್ಮ ಒಂದೊಂದು ಕೋಣೆಗೂ ತಲೆ ಹಾಕಿ, "ಬೆಳಕು ಚೊಲೋ ಐತಿ", "ಒಲಿ ಸಣ್ಣದಾತು" ಎಂದು ತೀರ್ಪು ಕೊಡುತ್ತ ಮುಂದೆ ನಡೆದಿದ್ದಳು. ಹಿತ್ತಲಿನಲ್ಲಿ ಬಾವಿಯ ಹತ್ತಿರ ಉಚ್ಚಂಗೆಮ್ಮ ಕೊಟ್ರಬಸಮ್ಮನ ಕೈಹಿಡಿದು ನಿಲ್ಲಿಸಿದಳು. ಸಣಕಲು ಮೈಯ ಹೆಂಗಸು, ಹಣೆಯ ತುಂಬ ವಿಭೂತಿ. ದನಿ ಎತ್ತಿ ಮಾತಾಡುವವಳೇ ಅಲ್ಲ.

"ಸಿಟ್ಟು ಬಂತೇನು, ನಾ ಹಂಗ ಕೇಳಿದ್ದಕ್ಕ?"

"ಸಿಟ್ಟ್ಯಾಕಕ್ಕಾ. ಆದ್ರ ಅದು ಬೀಗರ ಪದ. ಆಡಿಕೊಂಡು ನಗೋದು. ನೀ ಇಷ್ಟು ವರ್ಷ ಮನಸಿನ್ಯಾಗ ಇಟಗಂಡೀದಿ ಅಂತ ನನಗೆಲ್ಲಿ ಗೊತ್ತು?"

ಉಚ್ಚಂಗೆಮ್ಮ ಬಾವಿಯ ಕಡೆ ನೋಡುತ್ತ ಹೇಳಿದಳು. "ಆ ಉಂಡಿ ನಮ್ಮತ್ತಿಗೆ ಒಯ್ದಿದ್ದೆ."

"ಕಾಲು ಮುರಕೊಂಡು ಮನ್ಯಾಗ ಮಲಗ್ಯಾಳ ಅಂದಿದ್ರಲ್ಲ, ಆ ಅತ್ತಿಗೇ?"

"ಕಾಲು ಎಲ್ಲಿ ಮುರಿದಿತ್ತು? ಎದಿಗೆ ಬ್ಯಾನಿ ಹತ್ತಿತ್ತು. ರಗತ ಕೆಮ್ಮತಿದ್ಲು. ಊರಿಗೆ ಗೊತ್ತಾದ್ರ ಮೈದುನಗ ಯಾರು ಹೆಣ್ಣು ಕೊಡ್ತಾರ ಅಂತ ಹೊಲದಾಗಿನ ಗುಡಿಸಲದಾಗ ಇಟ್ಟಿದ್ರು. ಅಂಬಲಿ ಬಿಟ್ರ ಏನೂ ಕೊಡಬ್ಯಾಡ ಅಂದಿದ್ರು ನಮ್ಮ ಮನಿಯವರು. ಆ ಮುದುಕಿ ಮೂರು ತಿಂಗಳಿಂದ ಒಂದ ಕೇಳತಿತ್ತು, ಮಗನ ಮದುವಿ ಉಂಡಿ ತಿನ್ನಬೇಕು, ಅಂತ." ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ತಿಂದ್ಲು. ಎರಡೂ ತಿಂದ್ಲು. ಎರಡು ತಿಂಗಳಿಗೆ ಹೋದ್ಲು. ಮೈದುನನ ಹೆಂಡ್ತಿ ನಿಮ್ಮೂರಾಕಿ, ಆಕಿಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಮಗಗೂ ಗೊತ್ತಿಲ್ಲ. ನಿನಗ ಹೇಳೀನಿ. ನೀ ಯಾರ ಮುಂದೂ ಬಾಯಿ ಬಿಡಬ್ಯಾಡ. ನಿನ್ನ ಮಗಳ ಮುಂದೂ."

"ಇಲ್ಲಕ್ಕಾ."

"ಎಂಟು ವರ್ಷ ಆತು, ನಾ ಯಾರ ಮದುವ್ಯಾಗೂ ಪಂಕ್ತಿಗೆ ಕುಂತಿಲ್ಲ. ಅಕ್ಕಿಕಾಳು ಹಾಕಿ ತಿರುಗಿ ಬಂದುಬಿಡ್ತೀನಿ. ಸಂತಿಗೆ ಹೋದ್ರ ಸಣ್ಣ ಹುಡುಗ್ರು ನನ್ನ ಉಡಿ ನೋಡ್ತಾವ. ನಿನ್ನ ಮಗಳು ನನ್ನ ಸೊಸಿಯಾಗಿ ಬಂದ ಮ್ಯಾಲ ಆಕಿನೂ ಅದನ್ನ ಕೇಳಿಕೊಂತ ತಿರುಗಬೇಕು ನೋಡು, ಪಾಪ."

ಒಳಗಿನಿಂದ ಮರುಳಸಿದ್ದಮ್ಮ, "ಏನು ಗುಸುಗುಸು ನಡಿಸೀರಬೇ ಬೀಗತೇರು? ಬರ್ರಿ, ಚಹಾ ಆರತೈತಿ," ಎಂದು ಕೂಗಿದಳು.

*

ಅಂದಿನಿಂದ ಕೊಟ್ರಬಸಮ್ಮನಿಗೆ ಯಾವ ಕಡೆಗೂ ದಾರಿ ಕಾಣದಂತಾಯಿತು. ಮನೆಯ ತುಂಬ ನೆಂಟರು. ಶ್ಯಾವಿಗೆ ಹೊಸೆಯುವವರು, ಹಪ್ಪಳ ಒತ್ತುವವರು, ಅರಿಶಿಣ ಬೀಸುವವರು. ಎಲ್ಲರೂ ಕೆಲಸದ ನಡುವೆ ಒಂದು ಪದ ಎತ್ತುತ್ತಿದ್ದರು, ಎತ್ತಿದವರು ಅವಳ ಮುಖ ನೋಡಿ ಅರ್ಧಕ್ಕೇ ಇಳಿಸುತ್ತಿದ್ದರು. ಬೀಸುಕಲ್ಲಿನ ಮುಂದೆ ಕೂತರೆ ಪದ ತಾನಾಗಿ ಗಂಟಲಿಗೆ ಬರುತ್ತಿತ್ತು. ಕೊಟ್ಟ ಮಾತು ಮದುವೆಯ ದಿನಕ್ಕಷ್ಟೇ ಇದ್ದರೂ ತುಟಿ ಒತ್ತಿ ಹಿಡಿದು ಬೀಸುತ್ತಿದ್ದಳು. ಆದರೆ ಹಾಡಲಾರದ ಸಂಕಟ ಚಿಕ್ಕದು. ಎಂಟು ವರ್ಷ ತಾನು ಹಿಗ್ಗಿದ್ದು ಒಬ್ಬಳ ಕಣ್ಣೀರಿನ ಮೇಲೆ ಎಂಬುದು ದೊಡ್ಡದು. ಇನ್ನು ಮೇಲೆ ಮಗಳು ಹೋಗಿ ನಿಲ್ಲುವುದು ಆ ಕಣ್ಣೀರಿನ ಮನೆಯಲ್ಲೇ ಎಂಬುದು ಅದಕ್ಕಿಂತ ದೊಡ್ಡದು.

ದಿನಾ ಬೆಳಿಗ್ಗೆ ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತಾಗ ಕಣ್ಣು ಮುಚ್ಚಿದರೆ ಬಾವಿಯ ಹತ್ತಿರದ ಆ ಮುಖ ಬರುತ್ತಿತ್ತು. ಶಿವನೇ, ನಾನು ಅಂದು ಕಂಡದ್ದನ್ನೇ ಹಾಡಿದೆ. ಸುಳ್ಳು ಹಾಡಲಿಲ್ಲ. ಕಣ್ಣು ಕೊಟ್ಟವನು ನೀನು, ಅರ್ಧ ಮಾತ್ರ ಯಾಕೆ ತೋರಿಸಿದೆ? ಹೀಗೆ ಕೇಳುತ್ತಿದ್ದಳು. ಅಂಗೈಯಲ್ಲಿ ಇರುವವನು ಸುಮ್ಮನೆ ಇರುತ್ತಿದ್ದ.

ಒಂದು ಮಧ್ಯಾಹ್ನ ಹಸನ್ ಸಾಬ್‌ನ ಅಂಗಡಿಗೆ ಹೋದಳು. ಹೆದ್ದಾರಿಯ ಪಕ್ಕದಲ್ಲಿ, ಮುಂದೆ ಅಂಗಡಿ, ಹಿಂದೆ ಮನೆ. ಹಸನ್ ಸಾಬ್ ಮೈಕಿನ ಹಾರ್ನೊಂದನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಹಸನಣ್ಣ, ಆ ಉಂಡಿ ಪದ ಅಳಿಸಬೇಕು."

"ಯಾಕ ತಂಗೀ? ನಮ್ಮ ಅಂಗಡಿಗೆ ಅನ್ನ ಹಾಕೋ ಪದ ಅದು!"

"ಬೀಗರು ಆಗ್ಯಾರ ಅವರು."

ಹಸನ್ ಸಾಬ್ ತಲೆ ಕೆರೆದುಕೊಂಡ. "ನನ್ನಲ್ಲಿ ಇರೋದನ್ನ ಈಗ ಅಳಿಸ್ತೀನಿ. ಕೊಟ್ಟೂರಾಗ ಇರೋದು? ಹಡಗಲಿ ಮಂಜಣ್ಣನ ಮೈಕ್ ಸೆಟ್ಟಿನಾಗ ಇರೋದು? ಅವನಿಂದ ಹಲವಾಗಲಿಗೆ ಹೋಗಿದ್ದು? ಹರಪನಹಳ್ಳಿ ಬಸ್ಸಿನ್ಯಾಗ ಡ್ರೈವರು ದಿನಾ ಹಾಕ್ತಾನ. ಯಾರ ಯಾರ ಮನಿಗೆ ಹೋಗಿ ಅಳಿಸ್ಲಿ? ಕ್ಯಾಸೆಟ್ ಅಳಿಸಿದ್ರೂ ಮಂದಿ ಬಾಯಾಗಿಂದು?"

ಅವನ ಹೆಂಡತಿ ಮುನ್ನೀ ಬೀ ಒಳಗಿನಿಂದ ಬಂದವಳು ನಕ್ಕಳು. "ಅದು ಹೋಗಬೇಕಂದ್ರ ಅದಕ್ಕಿಂತ ಚೊಲೋದು ಬರಬೇಕು ಬೇ. ಹಳೀ ಪಿಚ್ಚರ್ ಹಾಡು ಹೊಸಾದು ಬಂದ ಮ್ಯಾಲ ತಾನಾಗಿ ಹೋಗ್ತೈತಿ. ಹಂಗ."

ಹಗುರವಾಗಿ ಆಡಿದ ಮಾತು. ಕೊಟ್ರಬಸಮ್ಮ ಮನೆಗೆ ಬರುವವರೆಗೂ ಅದನ್ನೇ ಮೆಲುಕು ಹಾಕಿದಳು. ಮನೆಗೆ ಬಂದು, ಕಾಳಿನ ಕೋಣೆಯ ಬಾಗಿಲು ಮುಂದೆ ಮಾಡಿಕೊಂಡು, ಜೋಳದ ಚೀಲಗಳ ನಡುವೆ ನೋಟುಬುಕ್ಕು ಬಿಚ್ಚಿ ಕೂತಳು. ಪದ ಕಟ್ಟಿ ಗೊತ್ತು, ಬರೆದು ಗೊತ್ತಿಲ್ಲ. ಬಾಯಲ್ಲಿ ಹರಿಯುವುದು ಪೆನ್ಸಿಲಿನ ತುದಿಗೆ ಬರುವಷ್ಟರಲ್ಲಿ ಹೆಪ್ಪುಗಟ್ಟುತ್ತಿತ್ತು. ಒತ್ತಕ್ಷರಕ್ಕೆ ಬಂದಾಗ ಕೈ ನಿಲ್ಲುತ್ತಿತ್ತು.

ಮೊದಲು ಮಗಳ ಹೆಸರಿಟ್ಟು ಎರಡು ಸಾಲು ಬರೆದಳು. ಚೆನ್ನಾಗಿಯೇ ಇದ್ದವು. ಆದರೆ ಅವುಗಳನ್ನು ಉಡಿಯಲ್ಲಿ ಕಟ್ಟಿಕೊಂಡು ಮಗಳು ಹೋಗುವ ಮನೆಯ ಬಾಗಿಲಲ್ಲಿ ಆ ಹಳೆಯ ಪದ ಕಾಯುತ್ತ ಕೂತಿರುತ್ತದಲ್ಲ! ಅಳಿಸಿದಳು. ಆಮೇಲೆ, ಉಡಿಯಲ್ಲಿ ಒಯ್ದದ್ದು ಬ್ಯಾನಿ ಬಿದ್ದ ಮುದುಕಿಗೆ ಎಂದು ನಿಜವನ್ನೇ ಬರೆದಳು. ನಾಲ್ಕು ದಿನ ಹಿಡಿಯಿತು. ಅವಳ ಜನ್ಮದಲ್ಲಿ ಅಂಥ ಪದ ಕಟ್ಟಿರಲಿಲ್ಲ. ತಾನೇ ಓದಿಕೊಂಡು ತಾನೇ ಅತ್ತಳು. ಅದನ್ನು ಹಾಡಿದರೆ ಉಚ್ಚಂಗೆಮ್ಮ ಊರೂರಲ್ಲಿ ದೇವತೆಯಾಗುತ್ತಾಳೆ; ಅವಳ ಗಂಡ ಹೆತ್ತ ತಾಯಿಯನ್ನು ಗುಡಿಸಲಿಗೆ ಹಾಕಿದವನಾಗುತ್ತಾನೆ; ಮೈದುನನ ಹೆಂಡತಿಯ ತವರಿನವರು ನಮಗೆ ಮೋಸ ಮಾಡಿದಿರಿ ಎಂದು ಬಂದು ನಿಲ್ಲುತ್ತಾರೆ; ಮಗಳು ಕಾಲಿಡುವ ಮನೆ ಕಾಲಿಡುವ ಮುಂಚೆಯೇ ಒಡೆಯುತ್ತದೆ. ಮೇಲಾಗಿ, ಬಾವಿಯ ಹತ್ತಿರ ಕೊಟ್ಟ ಮಾತು. ಆ ಹಾಳೆಯನ್ನು ಹರಿದು ಒಲೆಗೆ ಹಾಕಿದಳು. ಉರಿದು ಮುಗಿಯುವವರೆಗೂ ನೋಡುತ್ತ ನಿಂತಳು.

ಅತ್ತ ಹೋದರೆ ಸುಮ್ಮನಿರುವ ಪಾಪ, ಇತ್ತ ಬಂದರೆ ಹೇಳುವ ಪಾಪ. ಕಾಳಿನ ಕೋಣೆ ಬೇಸಿಗೆಯ ಉರಿಯಲ್ಲಿ ಬೆಂದ ಹಾಗಿತ್ತು. ಹೊರಗೆ ಮರುಳಸಿದ್ದಮ್ಮ, "ಎಲ್ಲಿ ಸತ್ತಳೋ ಈಕಿ, ಕೈಗೆ ಸಿಗವಲ್ಲಳು," ಎಂದು ಕೂಗುತ್ತಿದ್ದಳು.

ಮರುದಿನ ಬೆಳಿಗ್ಗೆ ಲಿಂಗಪೂಜೆಗೆ ಕೂತವಳಿಗೆ ಹೊಳೆದದ್ದು ಬಹಳ ಸಣ್ಣ ವಿಚಾರ. ಪದವನ್ನು ಅಳಿಸಬೇಕಾಗಿಲ್ಲ. ಅದರಲ್ಲಿರುವ ಹೆಸರು ಬೇರೆಯಾದರೆ ಸಾಕು. ಮಂದಿಗೆ ನಗಲಿಕ್ಕೆ ಒಂದು ಉಡಿ ಬೇಕು. ಅದು ಯಾರ ಉಡಿಯಾದರೇನು?

ಅದು ಸುಳ್ಳಾಗುತ್ತಿತ್ತು. ಜೀವಮಾನದಲ್ಲಿ ಕಾಣದ್ದನ್ನು ಅವಳು ಹಾಡಿದವಳಲ್ಲ. ಶಿವನೇ, ಅಂದು ಹಾಡಿದ ನಿಜ ಒಬ್ಬಳನ್ನು ಎಂಟು ವರ್ಷ ಪಂಕ್ತಿಯಿಂದ ಎಬ್ಬಿಸಿತು. ಇಂದು ಈ ಸುಳ್ಳು ಅವಳನ್ನು ಕೂರಿಸಿದರೆ ಯಾವುದನ್ನು ಪುಣ್ಯ ಎನ್ನುತ್ತೀ, ಯಾವುದನ್ನು ಪಾಪ ಎನ್ನುತ್ತೀ, ನೀನೇ ನೋಡಿಕೋ. ಹೀಗೆ ಹೇಳಿ, ಲಿಂಗವನ್ನು ಕಟ್ಟಿಕೊಂಡು ಎದ್ದಳು. ಅಂದು ಬರೆಯುವುದಕ್ಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

*

"ಅಯ್ಯ, ಇದು ನಿನ್ನ ಮ್ಯಾಲ ಐತಲ್ಲ ಬೇ!" ಎಂದಳು ಮುನ್ನೀ ಬೀ. ಹಸನ್ ಸಾಬ್‌ನ ಅಂಗಡಿಯ ಕದ ಹಾಕಿತ್ತು. ಕೋಳಿಗಳನ್ನು ಹೊರಗೆ ಅಟ್ಟಿ, ಫ್ಯಾನು ನಿಲ್ಲಿಸಿ, ಮೂವರೂ ಬೆವರುತ್ತ ಕೂತಿದ್ದರು.

"ನನ್ನ ಮ್ಯಾಲ ನಾ ಕಟ್ಟಿಕೊಂಡ್ರ ಯಾರ ಅಪ್ಪಣಿ ಬೇಕು? ನೀ ತಾಟು ಬಡಿತೀಯೋ ಇಲ್ಲೋ?"

"ಮದುವಿಗೆ ಹಾಡಂಗಿಲ್ಲ ಅಂತ ಮಾತು ಆಗೈತಂತಲ್ಲ?" ಹಸನ್ ಸಾಬ್ ಅನುಮಾನಿಸಿದ.

"ಮದುವಿ ಇನ್ನೂ ಐದು ದಿನ ಐತಿ. ಅವತ್ತು ನಾ ಬಾಯಿ ತೆರೆಯಂಗಿಲ್ಲ. ಪಂಕ್ತಿ ಕುಂತಾಗ ನೀ ಇದನ್ನ ಹಾಕು. ಮಂಜಣ್ಣಗೂ ಒಂದು ಕೊಡು, ಕೊಟ್ಟೂರಿಗೂ ಒಂದು ಕೊಡು, ಬಸ್ಸಿನವನಿಗೂ ಒಂದು ಕೊಡು. ಹಳೇದನ್ನ ಎಲ್ಲಿಗೆ ಮುಟ್ಟಿಸಿದ್ಯೋ ಅಲ್ಲಿಗೆಲ್ಲ."

"ಮಂದಿ ನಿನ್ನ ನೋಡಿ ನಗ್ತಾರ ತಂಗೀ."

"ನಗಲಿ. ನಾ ನಗಿಸಿ ಉಂಡಾಕಿ."

ಹಸನ್ ಸಾಬ್ ಗುಂಡಿ ಒತ್ತಿದ. ಮುನ್ನೀ ಬೀ ತಾಟು ಬಡಿದಳು. ಹದಿನೇಳು ದಿನ ಅದುಮಿಟ್ಟ ದನಿ ಒಮ್ಮೆಗೇ ಹೊರಬಿತ್ತು. ಮೂರನೆಯ ಸಾಲಿನಲ್ಲಿ ಹೆದ್ದಾರಿಯ ಲಾರಿಯೊಂದು ಹಾರ್ನ್ ಹೊಡೆಯಿತು. ಇನ್ನೊಮ್ಮೆ ಹಾಡು ಎಂದು ಹಸನ್ ಸಾಬ್ ಎಷ್ಟು ಹೇಳಿದರೂ ಅವಳು ಒಪ್ಪಲಿಲ್ಲ. ಅದನ್ನು ಎರಡನೆಯ ಸಲ ಹಾಡುವ ಧೈರ್ಯ ಅವಳಿಗೆ ಇರಲಿಲ್ಲ.

*

ಮದುವೆಯ ದಿನ ತಾಳಿ ಕಟ್ಟಿ, ಅಕ್ಕಿಕಾಳು ಬಿದ್ದು, ಬೀಗರ ಪಂಕ್ತಿ ಕೂರುವ ಹೊತ್ತಾಯಿತು. ಬೀಗರೆಲ್ಲ ಸಾಲಾಗಿ ಕೂತರು. ಉಚ್ಚಂಗೆಮ್ಮ ಮಾತ್ರ ಕಂಬದ ಪಕ್ಕ ನಿಂತಿದ್ದಳು. "ಕುಂದ್ರಬೇ ಮದುಮಗನ ತಾಯೀ," ಎಂದು ಯಾರೋ ಎಳೆದರು. "ಹಸಿವಿಲ್ಲ, ಆಮ್ಯಾಲೆ," ಎಂದು ಆಕೆ ಕೈ ಬಿಡಿಸಿಕೊಂಡಳು. ಕೊಟ್ರಬಸಮ್ಮ ಉಂಡಿಯ ಬುಟ್ಟಿ ಹಿಡಿದು ಬಡಿಸಲಿಕ್ಕೆ ನಿಂತಿದ್ದಳು.

ಹಾರ್ನಿನಲ್ಲಿ ಮೊದಲು ತಾಟಿನ ಸದ್ದು ಬಂತು. ಆಮೇಲೆ ಆ ಧಾಟಿ.

ಪಂಕ್ತಿಯಲ್ಲಿ ಒಂದು ಕಡೆಯಿಂದ ನಗು ಎದ್ದಿತು. ಉಚ್ಚಂಗೆಮ್ಮನ ಮುಖ ಬೂದಿ ಬಳಿದಂತಾಯಿತು. ಆಕೆ ಕೊಟ್ರಬಸಮ್ಮನನ್ನು ಒಮ್ಮೆ ನೋಡಿದಳು, ನೋಡಿ ಚಪ್ಪರದಿಂದ ಹೊರಗೆ ಹೆಜ್ಜೆ ಹಾಕಿದಳು. ಗುರುಸಂಗಪ್ಪ ಹೆಂಡತಿಯ ಬಾಯಿ ಮುಚ್ಚಿಸಲೆಂದು ಓಡಿಬಂದವನು, ತುಟಿ ಒತ್ತಿ ನಿಂತ ಅವಳನ್ನು ಕಂಡು, ದನಿ ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಹಾರ್ನಿನ ಕಡೆ ಒಮ್ಮೆ ಅವಳ ಕಡೆ ಒಮ್ಮೆ ನೋಡಿದ.  ಆ ಒಂದು ಗಳಿಗೆ ಅವಳಿಗೆ ಎಂಟು ವರ್ಷದಷ್ಟು ಉದ್ದವಾಯಿತು.

ಹೊಸಹಳ್ಳಿ ಬೀಗತಿ ಕೊಟ್ರಬಸಮ್ಮ
ತನ್ನುಡಿ ಮುಚ್ಯಾಳ, ಮಂದಿ ಉಡಿ ಬಿಚ್ಯಾಳ
ಇಟ್ಟಿಗಿ ಗರತೀಗೆ ಹೊರಿಸ್ಯಾಳ ಕಳುವು
ಉಂಡಿ ತನ್ನುಡ್ಯಾಗ, ಸುಳ್ಳು ಬಾಯಾಗ!

ಮೊದಲ ಸಲಕ್ಕೆ ಯಾರಿಗೂ ಅರ್ಥವಾಗಲಿಲ್ಲ. ಎರಡನೆಯ ಸಲ ಹೆಸರು ಬಂದಾಗ ಒಬ್ಬ ಮುದುಕ, "ಏ, ಇದರಾಗ ಮದುಮಗಳ ತಾಯೀದ ಹೆಸರು ಐತ್ರಲೇ!" ಎಂದ. ಆಗ ಬಂದ ನಗುವಿಗೆ ಚಪ್ಪರದ ತೆಂಗಿನ ಗರಿಗಳು ಅಲುಗಿದವು. "ಹಂಗಾದ್ರ ಅವತ್ತು ಉಂಡಿ ಕದ್ದಾಕಿ ನೀನ ಏನಬೇ?" "ತೋರ್ಸು ನೋಡಾಮು, ಇವತ್ತೆಷ್ಟು ಕಟ್ಟೀ?" "ಬುಟ್ಟಿ ಆಕಿ ಕೈಯಾಗ ಯಾಕ ಕೊಟ್ರಿ, ಕಸಗೊಳ್ರಿ!" ಎಲ್ಲ ಕಡೆಯಿಂದ ಮಾತುಗಳು ಬಂದು ಬಿದ್ದವು. ಒಂದೊಂದಕ್ಕೂ ಅವಳ ನಾಲಿಗೆಯ ತುದಿಯಲ್ಲಿ ಉತ್ತರದ ಪದವಿತ್ತು; ಆದರೆ ಹಾಡುವುದಿಲ್ಲ ಎಂದು ಮಾತು ಕೊಟ್ಟಾಗಿತ್ತು. ಬುಟ್ಟಿಯ ಅಂಚನ್ನು ಗಟ್ಟಿಯಾಗಿ ಹಿಡಿದು, ಮುಂದಿನ ಎಲೆಗೆ ಉಂಡಿ ಬಡಿಸಿದಳು.

ಚಪ್ಪರದ ಅಂಚಿನಲ್ಲಿ ನಿಂತುಬಿಟ್ಟಿದ್ದ ಉಚ್ಚಂಗೆಮ್ಮ ಪದವನ್ನು ಕೊನೆಯವರೆಗೆ ಕೇಳಿದಳು. ಆಮೇಲೆ ನಿಧಾನವಾಗಿ ತಿರುಗಿ ಬಂದು, ಪಂಕ್ತಿಯ ನಡುವೆ ಜಾಗ ಮಾಡಿಸಿ, ಎಲೆಯ ಮುಂದೆ ಕೂತಳು. ಕೊಟ್ರಬಸಮ್ಮ ಬಾಗಿ ಒಂದು ಉಂಡಿ ಬಡಿಸಿದಳು.

"ಇನ್ನೊಂದು ಹಾಕು," ಎಂದಳು ಉಚ್ಚಂಗೆಮ್ಮ. ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ.

ಅದನ್ನೂ ಬಡಿಸಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

*

ಹೆಣ್ಣು ಒಪ್ಪಿಸಿ ದಿಬ್ಬಣದ ಬಸ್ಸು ಹತ್ತಿಸುವಾಗ ಗೀತಾಂಜಲಿ ತಾಯಿಯ ಕಾಲಿಗೆರಗಿದಳು, ಆದರೆ ತೆಕ್ಕೆಗೆ ಬರಲಿಲ್ಲ.

"ನನ್ನ ಪದ ಎಲ್ಲವ್ವಾ?"

ಕೊಟ್ರಬಸಮ್ಮ ಮಗಳ ಸೆರಗು ಸರಿಮಾಡಿದಳು.

"ಅದೇನಾ ನನಗ ಕಟ್ಟಿದ್ದು? ಅದರಾಗ ನನ್ನ ಹೆಸರೆಲ್ಲೈತಿ? ಒಂದು ದಿನ ನಿನ್ನ ದನಿ ಮಂದಿ ಕೇಳಲಿಲ್ಲ ಅಂದ್ರ ನಿನಗ ಉಣ್ಣಾಕ ಆಗಂಗಿಲ್ಲ, ಅಲ್ಲ? ಮಗಳ ಮದುವಿ ದಿನನೂ ಮಂದಿ ಬಾಯಾಗ ನೀನ ಇರಬೇಕು. ಇನ್ನ ಮ್ಯಾಲೆ ನನಗೆಲ್ಲಾರೂ ಉಂಡಿ ಕಳ್ಳಿ ಮಗಳು ಅಂತಾರ. ಚೊಲೋ ಉಡುಗೊರಿ ಕೊಟ್ಟಿ."

ಇದೊಂದನ್ನು ಅವಳು ಎಣಿಸಿರಲಿಲ್ಲ. ತನ್ನ ಮೇಲೆ ಎಳೆದುಕೊಂಡದ್ದು ತನ್ನ ಮೇಲೇ ನಿಲ್ಲುತ್ತದೆ ಎಂದುಕೊಂಡಿದ್ದಳು. ಹೇಳಲಿಕ್ಕೆ ಒಂದೇ ಒಂದು ಮಾತು ಸಾಕಿತ್ತು, ಆ ಮಾತು ಅವಳದಾಗಿರಲಿಲ್ಲ. "ಚೊಲೋ ಬಾಳೆ ಮಾಡು," ಎಂದಷ್ಟೇ ಅಂದಳು. ಮಗಳು ಬಸ್ಸಿನಲ್ಲಿ ಆಚೆಯ ಕಿಟಕಿಗೆ ಹೋಗಿ ಕೂತಳು. ಮರುಳಸಿದ್ದಮ್ಮ ಸೊಂಟದ ಮೇಲೆ ಕೈಯಿಟ್ಟು, "ಮಾತು ಮುರೀಲಿಲ್ಲ ಅಂತ ಬೀಗಬ್ಯಾಡ. ಹಿಂಗ ಉಳಿಸಿಕೊಳ್ಳೋದಕ್ಕಿಂತ ಮುರದಿದ್ರ ಚೊಲೋ ಇತ್ತು," ಎಂದು ನಡೆದಳು. ಗುರುಸಂಗಪ್ಪ ಹದಿನೈದು ದಿನ ಹೆಂಡತಿಯೊಡನೆ ಮಾತು ಬಿಟ್ಟ.

ಆ ಬೇಸಿಗೆಯ ಮದುವೆಗಳಲ್ಲಿ ಲಾರಿಯ ಹಾರ್ನಿನ ಸಮೇತ ಹೊಸ ಪದ ಊರೂರು ತಿರುಗಿತು. ಕೊಟ್ರಬಸಮ್ಮ ಸಂತೆಗೆ ಹೋದರೆ ಸಣ್ಣ ಹುಡುಗಿಯರು ಅವಳ ಉಡಿ ನೋಡಿ ಕಿಸಕ್ಕನೆ ನಗುತ್ತಿದ್ದರು. ಆಗೆಲ್ಲ ಅವಳಿಗೆ ಮೈಯೆಲ್ಲ ಉಡಿಯಾದಂತೆ ಅನಿಸುತ್ತಿತ್ತು. ಎಂಟು ವರ್ಷ ಹೀಗಿದ್ದಳೇ ಆ ತಾಯಿ, ಎಂದುಕೊಳ್ಳುತ್ತಿದ್ದಳು. ತರಕಾರಿಯನ್ನು ಉಡಿಗೆ ಹಾಕಿಕೊಳ್ಳುವುದನ್ನು ಬಿಟ್ಟು ಚೀಲ ಹಿಡಿಯಲಿಕ್ಕೆ ಕಲಿತಳು. ಬಾಯಿಗೆ ಹಾಕಿದ ಕಟ್ಟು ಮದುವೆಯೊಂದಿಗೇ ಬಿಚ್ಚಿತ್ತು, ಆದರೂ ಅವಳು ಆಮೇಲೆ ಯಾರ ಪಂಕ್ತಿಗೂ ಹಾಡಲು ಹೋಗಲಿಲ್ಲ.

*

ಶ್ರಾವಣದಲ್ಲಿ ಮೊದಲ ಪಂಚಮಿಗೆ ಮಗಳು ತವರಿಗೆ ಬಂದಳು. ಬಂದು ಎರಡು ದಿನ ಅಪ್ಪನೊಡನೆ ಮಾತು, ನೆರೆಯ ಗೆಳತಿಯರೊಡನೆ ಜೋಕಾಲಿ. ಮೂರನೆಯ ದಿನ ಕೊಟ್ರಬಸಮ್ಮ ಒಲೆಯ ಮುಂದೆ ಜೋಳದ ಅರಳು ಹುರಿಯುತ್ತಿದ್ದಾಗ ಬಂದು ಪಕ್ಕದಲ್ಲಿ ಕೂತಳು.

"ನಮ್ಮತ್ತಿ ಹೇಳಿ ಕಳಿಸ್ಯಾಳ. ದೀಪಾವಳಿ ಆದ ಮ್ಯಾಲೆ ಅವರಣ್ಣನ ಮಗಳ ಮದುವಿ ಐತಿ. ಹೆಣ್ಣಿನ ಕಡೆಯಿಂದ ನಾ ಹಾಡಬೇಕಂತ. ನಿಮ್ಮವ್ವನ ಹತ್ರ ಕಲಕೊಂಡು ಬಾ ಅಂದಾಳ."

"ಯಾವುದು?"

"ಅದ."

ಬಾಣಲೆಯಲ್ಲಿ ಅರಳು ಚಟಪಟ ಸಿಡಿಯುತ್ತಿತ್ತು. ಕೊಟ್ರಬಸಮ್ಮ ಬಟ್ಟೆಯ ಉಂಡೆಯಿಂದ ತಿರುವುತ್ತಲೇ ಇದ್ದಳು.

"ನಾ ಒಲ್ಲೆ ಅಂದೆ. ಯಾಕತ್ತೀ, ಅದು ನಮ್ಮವ್ವನ್ನ ಆಡಿಕೊಳ್ಳೋ ಪದ ಅಂದೆ. ಅದಕ್ಕ ಆಕಿ ಅತ್ತುಬಿಟ್ಲು. ಯಾಕಂತ ಕೇಳಿದ್ರ, ನಿಮ್ಮವ್ವನ್ನ ಕೇಳು ಅಂತಾಳ. ಏನೈತವ್ವಾ ಅದರಾಗ?"

"ಅದು ಹೇಳೋದು ನನ್ನದಲ್ಲ."

"ಆಕಿದೂ ಅಲ್ಲ, ನಿಂದೂ ಅಲ್ಲ. ನಡುವ ನನ್ನ ಹಾಕಿಕೊಂಡು ಅರೀತೀರಿ ಇಬ್ರೂ." ಮಗಳ ದನಿಯಲ್ಲಿ ಸಿಟ್ಟು ಇತ್ತು, ಮೊದಲಿನಷ್ಟು ಇರಲಿಲ್ಲ. ಒಲೆಯ ಮುಂದೆ ಸಿಡಿದು ಬಿದ್ದ ಅರಳೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡಳು. "ಮೊನ್ನೆ ಹಡಗಲ್ಯಾಗ ಒಂದು ಮದುವಿಗೆ ಹೋಗಿದ್ವಿ. ಅತ್ತಿ ಪಂಕ್ತ್ಯಾಗ ಎಲ್ಲಾರಕಿಂತ ಮೊದಲ ಕುಂತ್ಲು. ಎರಡು ಸಲ ಪಾಯಸ ಹಾಕಿಸಿಕೊಂಡ್ಲು. ಮಾವ ಬಾಯಿ ತಕ್ಕೊಂಡು ನೋಡಕತ್ತಿದ್ದ."

ತಾಯಿಯ ಕೈ ಒಂದು ಗಳಿಗೆ ನಿಂತಿತು. ಬಾಣಲೆಯ ತಳದ ಅರಳು ಕೆಂಪಾಯಿತು. ಮಗಳು ಅದನ್ನು ನೋಡಿದಳು, ತಾಯಿಯ ಮುಖವನ್ನೂ ನೋಡಿದಳು. 

"ಕಲಿಸು," ಎಂದಳು.

ಕೊಟ್ರಬಸಮ್ಮ ಧಾಟಿಯನ್ನು ಗುನುಗಿ ತೋರಿಸಿದಳು. ಮಗಳು ಎತ್ತಿದಳು. 'ಹೊಸಹಳ್ಳಿ ಬೀಗತಿ' ಎಂಬಲ್ಲಿಗೆ ಬಂದು ನಿಂತಳು. ಮತ್ತೆ ಎತ್ತಿದಳು. ಮತ್ತೆ ಅಲ್ಲೇ ನಿಂತಳು.

"ಯಾಕ? ಮರತೇನು?"

"ಹೆತ್ತಾಕಿ ಹೆಸರು ಹೆಂಗವ್ವಾ ಬಾಯಾಗ ತರ್ಲಿ? ಹುಟ್ಟಿದಾಗಿಂದ ಅಂದಿಲ್ಲ."

"ನಾನೇ ಬರದು ಕೊಟ್ಟೀನಿ. ನಿನಗಂತ ಬರದದ್ದು. ದೋಷ ಇಲ್ಲ, ಅನ್ನು."

ಮೂರನೆಯ ಸಲವೂ ದನಿ ಆ ಹೆಸರಿನ ಅಂಚಿಗೆ ಬಂದು ನಿಂತಿತು. ನಾಲ್ಕನೆಯ ಸಲ ಗೀತಾಂಜಲಿ ಕಣ್ಣು ಮುಚ್ಚಿಕೊಂಡು, ಒಲೆಯ ಸದ್ದಿಗಿಂತ ಸಣ್ಣ ದನಿಯಲ್ಲಿ, ತಾಯಿಯ ಹೆಸರನ್ನು ಹೇಳಿದಳು. ಮುಚ್ಚಿದ ಕಣ್ಣಿನಿಂದ ನೀರು ಇಳಿಯಿತು.

ಕೊಟ್ರಬಸಮ್ಮ ಒಲೆಯೊಳಗೆ ಇನ್ನೊಂದು ಕಟ್ಟಿಗೆ ತಳ್ಳಿದಳು.

"ಗಟ್ಟಿಯಾಗಿ," ಎಂದಳು. "ಪಂಕ್ತಿ ಕೊನಿಗೆ ಕುಂತಾಕಿಗೂ ಕೇಳಬೇಕು."